ಬಾಂಗ್ ತಾತನ ಬಲಗೈ

ಸ್ವಲ್ಪ ಇರಿ, ಎದ್ದು ಹೋಗಬೇಡಿ, ಇದೊಂದನ್ನು ಪೂರ್ತಿ ಕೇಳಿಬಿಡಿ. ನಾಮ್ ದಿನ್ ಪೇಟೆಯ ತಿಯೆಮ್ ಮಾಸ್ತರ ಅಂಗಡಿಯಲ್ಲಿ ಖ್ವೆ ಎಂಬ ಹುಡುಗಿ ಪೆನ್ಸಿಲಿನಲ್ಲಿ ಮನುಷ್ಯರನ್ನು ಬರೆಯಲು ಕಲಿಯುತ್ತಿದ್ದಳು. ಸತ್ತ ಮನುಷ್ಯರನ್ನು. ಮನೆಮನೆಯ ಪೂಜಾಪೀಠದ ಮೇಲೆ, ಊದುಬತ್ತಿಯ ಹೊಗೆಯ ಹಿಂದೆ ಕೂರುವ ಹಿರಿಯರ ಚಿತ್ರಗಳವು. ಕುರ್ಚಿಯಲ್ಲಿ ನೆಟ್ಟಗೆ ಕೂತಿರಬೇಕು, ಎರಡೂ ಕಿವಿ, ಎರಡೂ ಕೈ ಕಾಣಬೇಕು. ಕಣ್ಣಿನ ಗುಡ್ಡೆ ಮಾತ್ರ ಕಟ್ಟಕಡೆಗೆ, ಮನೆಯವರ ಎದುರೇ ಇಡಬೇಕು. ಇಟ್ಟರೆ ಸತ್ತವರು ಬಂದು ಕೂತ ಹಾಗೆ. ಆಮೇಲೆ ರಬ್ಬರ್ ಮುಟ್ಟುವಂತಿಲ್ಲ.

ಮುಖ ಖ್ವೆಗೆ ಬೇಗ ಒಲಿಯಿತು, ಕೈ ಒಲಿಯಲಿಲ್ಲ. "ಇದೇನಮ್ಮ, ಕೈಯೋ ಶುಂಠಿ ಬೇರೋ?" ಎಂದು ಮಾಸ್ತರು ಕಾಲೆಳೆಯುತ್ತಿದ್ದರು. ಬರೆದಳು, ಅಳಿಸಿದಳು, ಅತ್ತಳು, ಮತ್ತೆ ಬರೆದಳು. ಕೊನೆಗೆ ಬಡಗಿ ಬಾಂಗ್ ತಾತನ ಚಿತ್ರವನ್ನು ಮಾಸ್ತರು ಇಡಿಯಾಗಿ ಅವಳಿಗೇ ಬಿಟ್ಟರು.

"ಗಿರಾಕಿ ಒಯ್ದರೆ ಅಂಗಡಿ ಮುಂದಿನ, ಕಲಿತೋರ ಮೇಜು ನಿಂದು. ಇಲ್ಲಾಂದ್ರೆ ನಿಮ್ಮಮ್ಮನ ಜೊತೆ ಮೀನು ಮಾರೋಕೆ ಹೋಗು ತಾಯಿ."

ಮನೆಯವರು ಕೊಟ್ಟಿದ್ದು ಮುಖದ ಫೋಟೋ ಒಂದನ್ನೇ. ಮೈ ಬರೆಯಲೆಂದು ತಾತನ ಹಿರಿಮಗ ದ್ವಾನ್ ತಾನೇ ಬಂದು ಕುರ್ಚಿಯಲ್ಲಿ ಕೂತ. ಅವನನ್ನು ನೋಡಿಕೊಂಡೇ ಖ್ವೆ ಹೆಗಲು ಇಳಿಸಿದಳು, ಮಂಡಿ ಮಡಿಸಿದಳು, ಮಂಡಿಯ ಮೇಲೆ ಕೈ ಇಟ್ಟಳು. ಒಂದೊಂದು ಗೆಣ್ಣಿನಲ್ಲೂ ನೆರಳು ಸರಿಯಾಗಿ ಕೂತಿತು. ಬಲಗೈ ಅಂತೂ ಈಗಲೇ ಎದ್ದು ಉಳಿ ಹಿಡಿಯುವಂತಿತ್ತು!

ವರ್ಷದ ತಿಥಿಯ ಹಿಂದಿನ ದಿನ ದ್ವಾನ್ ತನ್ನ ತಾಯಿ ಲುವಾ ಅಜ್ಜಿಯನ್ನು ಕರೆದುಕೊಂಡು ಬಂದ. ಖ್ವೆ ಕಣ್ಣಿಡಲು ಪೆನ್ಸಿಲ್ ಚೂಪು ಮಾಡಿಕೊಂಡು ಕೂತಿದ್ದಳು. ಅಜ್ಜಿ ಗಂಡನ ಮುಖ ನೋಡಿ ನಕ್ಕಳು. ಕೈ ನೋಡಿದಳು, ನಗು ಆರಿಹೋಯಿತು.

"ಯಾರಿದು?"

"ಅಪ್ಪ ಕಣಮ್ಮ."

"ನಿಮ್ಮಪ್ಪಂಗೆ ಬಲಗೈಲಿ ಮೂರೇ ಬೆರಳು. ಎರಡನ್ನ ಗರಗಸ ತಿಂದಿತ್ತು, ನಮ್ಮ ಮದುವೆಗೆ ಮುಂಚೇನೇ. ಅಳಿಸು ಮಗಳೇ."

ಇದನ್ನು ಖ್ವೆಗೆ ಯಾರೂ ಹೇಳಿರಲಿಲ್ಲ.

"ಮುಟ್ಟಬೇಡ!" ದ್ವಾನ್ ಅಡ್ಡ ಬಂದ. "ಬೇಕಂತಲೇ ನಾನು ಹೇಳಲಿಲ್ಲ. ಸತ್ತೋರು ಚಿತ್ರದಲ್ಲಿ ಹೇಗೋ ಆ ಲೋಕದಲ್ಲೂ ಹಾಗೇ ಇರ್ತಾರಂತೆ. ಅಪ್ಪ ಬದುಕಿದ್ದಷ್ಟು ದಿನ ಆ ಕೈನ ಅಂಗಿ ತೋಳೊಳಗೆ ಬಚ್ಚಿಟ್ಕೊಂಡೇ ಓಡಾಡಿದ್ರು. ಅಲ್ಲಾದ್ರೂ ನೆಟ್ಟಗಿರ್ಲಿ ಬಿಡಮ್ಮ."

"ನಿನ್ನ ಕೈ ಅಂಟಿಸ್ಕೊಂಡು ಬರೋನು ನನ್ನ ಗಂಡ ಹೇಗಾಗ್ತಾನೋ? ನಾಳೆ ನಾನು ಅನ್ನ ಬಡಿಸೋದು ಯಾರಿಗೆ, ದಾರೀಲಿ ಹೋಗೋನಿಗಾ?"

"ಸರಿ. ಬೆರಳು ಹೋದ್ರೆ ನಾನಂತೂ ಪೀಠದ ಮೇಲೆ ಇಡಲ್ಲ. ಇಡಬೇಕಾದೋನು ಹಿರಿಮಗ, ನೆನಪಿರ್ಲಿ."

"ಮಾಸ್ತರೇ..." ಖ್ವೆ ಮಾಸ್ತರ ಕಡೆ ತಿರುಗಿದಳು.

"ನನ್ನನ್ಯಾಕೆ ನೋಡ್ತೀಯ? ಪೆನ್ಸಿಲ್ ಯಾರ ಕೈಲಿದೆ?"

ಅವಳು ರಬ್ಬರ್ ಕೈಗೆತ್ತಿಕೊಂಡಳು. ಮೆಲ್ಲಗೆ ಕೇಳಿದಳು: "ಅಜ್ಜಿ, ಯಾವ ಎರಡು?"

ಅಜ್ಜಿ ಅವಳ ಬಲಗೈ ಹಿಡಿದು ಕಿರುಬೆರಳನ್ನೂ ಉಂಗುರದ ಬೆರಳನ್ನೂ ಮಡಿಸಿದಳು.

ಜೀವಮಾನದಲ್ಲಿ ತಾನು ಬರೆದ ಅತ್ಯುತ್ತಮ ಬೆರಳುಗಳನ್ನು ಖ್ವೆ ಉಜ್ಜಿ ಉಜ್ಜಿ ತೆಗೆದಳು. ಮೊಂಡು ಬುಡಗಳಿಗೆ ನೆರಳು ಕೊಟ್ಟಳು. ದ್ವಾನ್ ಅವಳ ಕೈಯನ್ನೇ ದುರುಗುಟ್ಟಿ ನೋಡುತ್ತಿದ್ದ. ಚಿತ್ರಕ್ಕೆ ಒಂದು ಕಣ್ಣಿಟ್ಟಳು, ಇನ್ನೊಂದನ್ನೂ ಇಟ್ಟಳು. ಅವನು ಕುರ್ಚಿಯನ್ನು ಒದ್ದು ಹೊರಟೇಹೋದ.

ಅಜ್ಜಿ ಬಾಗಿ, ಆ ಮೊಂಡು ಕೈಯ ಹತ್ತಿರ ತನ್ನ ಕೈ ತಂದು, "ಬಂದ್ರಾ?" ಎಂದಳು. ಚಿತ್ರವನ್ನು ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡು ಒಬ್ಬಳೇ ಬಸ್ಸಿಗೆ ನಡೆದಳು.

"ಗಿರಾಕಿ ಒಯ್ದಾಯ್ತಲ್ಲ. ಹೋಗು, ಮುಂದೆ ಕೂತ್ಕೋ" ಎಂದರು ಮಾಸ್ತರು.

ಖ್ವೆ ಹೋಗಿ ಕೂತಳು. ಸಂತೋಷ ಮಾತ್ರ ಬರಲೇ ಇಲ್ಲ. ನಾಳೆ ಆ ಮನೆಯಲ್ಲಿ ತಾತ ಪೀಠ ಏರುತ್ತಾರೋ, ಮೂಲೆಗೆ ಸೇರುತ್ತಾರೋ? ಕಣ್ಣಿಟ್ಟಾಗಿದೆ, ಇನ್ನು ಅಳಿಸುವಂತಿಲ್ಲ. ನೀವೇ ಹೇಳಿ, ಆ ಪೆನ್ಸಿಲ್ ನಿಮ್ಮ ಕೈಯಲ್ಲಿದ್ದಿದ್ದರೆ ನೀವೇನು ಮಾಡುತ್ತಿದ್ದಿರಿ?