ಒಂದೇ ಪದದ ತಂತಿ

ಚಿಕ್ಕಂದಿನಲ್ಲಿ ಜ್ವರ ಬಂದಾಗ ಎದೆಗೆ ತಿಕ್ಕುತ್ತಿದ್ದ ಹೆಬ್ಬಾತಿನ ಕೊಬ್ಬು ಮತ್ತು ಕರ್ಪೂರದ ವಾಸನೆ ವಾಂಡಾ ಮರೆತಿರಲಿಲ್ಲ. ತಂತಿ ಓದಿದೊಡನೆ ಅದೇ ವಾಸನೆ ಮೂಗಿಗೆ ಅಡರಿದಂತಾಯಿತು. ಗಡಿಯಾಚೆಯ ಓಪಾವಾದಿಂದ ಮದುಮಗ ಓತಾಕರ್ ಕಳಿಸಿದ್ದು ಒಂದೇ ಪದ: ‘ನೆಮೋತ್ಸ್’. ಚೆಕ್ ಭಾಷೆಯಲ್ಲಿ ಹಾಗೆಂದರೆ ಕಾಯಿಲೆ. ಮದುವೆಗೆ ಇನ್ನು ಎರಡೇ ದಿನ.

ಆದರೆ ತಂತಿಯನ್ನು ಮೊದಲು ಒಡೆದವರು ಅಪ್ಪನ ಅಕ್ಕ, ಕುನೆಗುಂಡಾ ಅತ್ತೆ. ಈ ಮನೆಯವರು ಎರಡನೇ ಮಹಾಯುದ್ಧ ಮುಗಿದ ಮೇಲೆ ಪೂರ್ವದಿಂದ ಬಂದು ಪೋಲೆಂಡಿನ ಈ ಗಡಿಯೂರಿನಲ್ಲಿ ನೆಲೆಸಿದ ಪೋಲಿಷ್ ಜನ. ಓತಾಕರನಿಂದ ಕಲಿತ ವಾಂಡಾಳನ್ನು ಬಿಟ್ಟರೆ ಚೆಕ್ ಯಾರಿಗೂ ಬಾರದು. ಪೋಲಿಷಿನಲ್ಲಿ ಆ ಪದಕ್ಕೆ ಕೈಲಾಗದಿರುವುದು ಎಂದರ್ಥ. ಗಂಡಸಿನ ವಿಷಯದಲ್ಲಿ ಹೇಳಿದರೆ, ಯಾವುದು ಕೈಲಾಗದು ಎಂದು ಬಿಡಿಸಿ ಹೇಳಬೇಕಿಲ್ಲ.

“ಪಾಪ, ಪ್ರಾಮಾಣಿಕ ಹುಡುಗ,” ಎಂದರು ಅತ್ತೆ. “ಉಂಗುರ ತೊಡಿಸೋಕೆ ಮುಂಚೆನೇ ಹೇಳ್ಬಿಟ್ಟ. ನಮ್ಮನೆಯವರು ಮೂವತ್ತು ವರ್ಷವಾದ್ರೂ ಬಾಯಿ ಬಿಡ್ಲಿಲ್ಲ!”

“ಮದುವೆ ಬೇಡ,” ಎಂದರು ಅಪ್ಪ ಲುಡ್ವಿಕ್, ಊರಿನ ಶಾಲೆಯ ಮೇಷ್ಟ್ರು. “ಪಾದ್ರಿಗೆ ಈಗಲೇ ಹೇಳಿ ಬರ್ತೀನಿ.”

“ಅಪ್ಪಾ, ಅವರ ಭಾಷೇಲಿ ಕಾಯಿಲೆಗೆ ಹಾಗನ್ನೋದು. ಜ್ವರ ಗಿರ ಬಂದಿರ್ಬೇಕು.”

“ಜ್ವರಕ್ಕೆ ಯಾರಾದ್ರೂ ತಂತಿ ಕೊಡ್ತಾರೇನೇ?” ಅತ್ತೆ ಸೌಟು ಆಡಿಸಿದರು.

ಅಪ್ಪ ಟೋಪಿ ಹಾಕಿಕೊಂಡು ಬಾಗಿಲು ತೆರೆದರು.

“ನಿಲ್ಲಿ ಅಪ್ಪಾ! ಅವನಿಗೆ ಆ ತೊಂದರೆ ಇಲ್ಲ.”

“ನಿಂಗೆ ಹೇಗೆ ಗೊತ್ತು?”

ಅವನ ಮಾನ ಉಳಿಸಿದರೆ ತನ್ನದು ಹೋಗುತ್ತದೆ.

“ಗೊತ್ತು.”

“ಎಷ್ಟು ಗೊತ್ತು?” ಎಂದರು ಅತ್ತೆ.

“ಸಾಕಷ್ಟು.”

ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕಿತು. ಅಪ್ಪ ಬಾಗಿಲು ಮುಚ್ಚಿದರು, ಟೋಪಿ ತೆಗೆದರು, ತರಗತಿಯಲ್ಲಿ ಕೆಮ್ಮುವಂತೆ ಕೆಮ್ಮಿದರು.

“ಅರೆ, ಮರೆತೇಬಿಟ್ಟಿದ್ದೆ. ಸಾವಿರ ವರ್ಷದ ಹಿಂದೆ ಅವರ ಮುತ್ತಜ್ಜಂದಿರೂ ನಮ್ಮ ಮುತ್ತಜ್ಜಂದಿರೂ ಆಡ್ತಿದ್ದದ್ದು ಒಂದೇ ಮಾತು. ‘ಆಗದು’ ಅನ್ನೋದೇ ಈ ಪದದ ಬೇರು. ಚೆಕ್ಕರು ಅದನ್ನ ಕಾಯಿಲೆಗೆ ಇಟ್ಕೊಂಡ್ರು.”

“ನಾವು?”

“ನಾವು ನಿನ್ನ ಬಾಯಿಗೆ ಕೊಟ್ವಿ, ಅಕ್ಕಾ.” ಮಗಳ ಮುಖ ನೋಡದೆ ಅವರು ಮುಂದುವರಿಸಿದರು: “ವ್ಯಾಕರಣದಿಂದ್ಲೇ ಸಾಬೀತಾಯ್ತಲ್ಲ, ಬೇರೆ ಸಾಕ್ಷಿ ಬೇಕಾಗಿಲ್ಲ. ಇಲ್ಲಿ ಯಾರೂ ಇನ್ನೇನೂ ಹೇಳಿಲ್ಲ, ನಾವು ಕೇಳಿಯೂ ಇಲ್ಲ. ಮಧ್ಯಾಹ್ನದ ಬಸ್ಸಿಗೆ ಹೋಗಿ ಹುಡುಗನ್ನ ನೋಡ್ಕೊಂಡು ಬಾ.”

ವಾಂಡಾ ಕೆಂಪು ಕಿವಿಗಳನ್ನು ಮುಚ್ಚುವಂತೆ ತಲೆವಸ್ತ್ರ ಕಟ್ಟಿಕೊಂಡಳು. ಅತ್ತೆ ಅಡುಗೆಮನೆಯಿಂದ ಬಂದರು. ಕಾಯಿಲೆಯವರಿಗೆ ಕೊಡುವ, ಶಾವಿಗೆ ಹಾಕಿದ ಬಿಸಿ ಕೋಳಿಸಾರು ತುಂಬಿದ ಮುಚ್ಚಳದ ಕ್ಯಾನನ್ನು ಟವೆಲಿನಲ್ಲಿ ಸುತ್ತಿ ಅವಳ ಕೈಗಿತ್ತರು.