ಎದೆಹಾಲಿನ ತೀರ್ಪು

"ಕತ್ತೆ ಕುಂಟ್ತಾ ಐತೆ, ಬಿಚ್ರೋ ಅದನ್ನ. ಈ ಸೂಳೆಮಗ ಎರಡು ಕಾಲಿನ ಮೇಲೆ ಚೆನ್ನಾಗೇ ನಿಂತವ್ನಲ್ಲ, ಇವನ ಹೆಗಲಿಗೆ ಕಟ್ಟಿ ಹಗ್ಗ."

ಸಿದಾತಿ ಧಣಿಗಳು ಖರ್ಜೂರದ ಮರದ ನೆರಳಲ್ಲಿ ಮೂರನೆಯ ಲೋಟ ಚಹಾ ಹೀರುತ್ತ ಹೀಗೆಂದರು. ಸುತ್ತ ಕೂತಿದ್ದ ನೆಂಟರು ನಕ್ಕರು. ನಾನು ಹಗ್ಗವನ್ನು ಎದೆಗೆ ಅಡ್ಡ ಹಾಕಿಕೊಂಡು ಎಳೆದೆ. ಆ ಕಪಿಲೆ ಬಾವಿ ಹದಿನೆಂಟು ಆಳು ಆಳ. ತೋಡಿದವನು ನನ್ನಪ್ಪ. ಚರ್ಮದ ಚೀಲ ಮೇಲೆ ಬರುವಷ್ಟರಲ್ಲಿ ನನ್ನ ಹೆಗಲು ಸುಲಿದಿತ್ತು.

ಹಿಂದಿನ ವರ್ಷವೇ ನಮ್ಮ ದೇಶದಲ್ಲಿ ಇನ್ನು ಗುಲಾಮರಿಲ್ಲ ಎಂದು ರೇಡಿಯೊ ಹೇಳಿತ್ತು. ರೇಡಿಯೊ ಧಣಿಗಳದು. ಅದರ ಬ್ಯಾಟರಿಗಳನ್ನು ಬಿಸಿಲಿಗಿಟ್ಟು ಕಾಯಿಸುತ್ತಿದ್ದವನು ನಾನು. ಸುದ್ದಿ ಮುಗಿದ ಮೇಲೆ ಧಣಿಗಳು ಅದನ್ನು ಆರಿಸಿ, ಕೇಳಿಸಿಕೊಂಡೆಯಾ ಮೆಸೂದ ಎಂದು ಕೇಳಿದರು. ಕೇಳಿಸಿಕೊಂಡೆ ಎಂದೆ. ಹಾಗಾದರೆ ಹೋಗಿ ಒಂಟೆಗೆ ನೀರು ಕುಡಿಸು ಎಂದರು. ಹೋಗಿ ಕುಡಿಸಿದೆ. ನಿಮ್ಮ ಸ್ವರ್ಗ ಧಣಿಯ ಪಾದದ ಕೆಳಗಿದೆ ಎಂದು ನಮಗೆ ಹುಟ್ಟಿದಾಗಿನಿಂದ ಕಲಿಸಿದ್ದರು.

ಅಂದು ನಾನು ಹಗ್ಗ ಎಳೆಯುತ್ತಿದ್ದಾಗಲೇ ಧಣಿಗಳ ಮಗ ಹಮ್ಮೂದ ರಾಜಧಾನಿಯಿಂದ ಜೀಪಿನಲ್ಲಿ ಬಂದ. ಇಪ್ಪತ್ತೆರಡರ ಹರೆಯ, ಸರ್ಕಾರಿ ಕೆಲಸ. ನನ್ನ ಮಗಳು ಸಾಲ್ಕ ಅವನ ಕೈಗೆ ನೀರು ಹೊಯ್ದಳು. ತೊಳೆದು ಮುಗಿದರೂ ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ. ಊಟವಾದ ಮೇಲೆ, ಪಟ್ಟಣದ ಮನೆಗೆ ಅಡುಗೆಯವಳು ಬೇಕು, ಇವಳನ್ನು ಕರೆದೊಯ್ಯುತ್ತೇನೆ ಎಂದು ಅಪ್ಪನಿಗೆ ಹೇಳಿದ. ಧಣಿಗಳು ಹಲ್ಲಿನ ಸಂದಿಯ ಮಾಂಸ ತೆಗೆಯುತ್ತ ಹೂಂ ಎಂದರು.

ಅದು ಎಂಥ ಅಡುಗೆ ಎಂದು ನಮಗೆ ಗೊತ್ತಿತ್ತು. ನನ್ನ ಹೆಂಡತಿ ಮಹಜೂಬಳ ತಂಗಿಯನ್ನು ಧಣಿಗಳ ತಮ್ಮ ಹೀಗೇ ಕರೆದೊಯ್ದಿದ್ದ. ಎರಡು ವರ್ಷಕ್ಕೆ ಬಸುರಿಯಾಗಿ ಬಂದಳು. ಹೆತ್ತು ಸತ್ತಳು. ಅಪ್ಪ ಯಾರೆಂದು ಯಾರೂ ಕೇಳಲಿಲ್ಲ. ನಮ್ಮ ಹೆಂಗಸರು ಹೆತ್ತದ್ದು ತಾಯಿಯ ಧಣಿಗೆ ಸೇರಿದ್ದು, ಆಡಿನ ಮರಿಯ ಹಾಗೆ. ಅಪ್ಪ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸಾಲ್ಕಳ ಮೇಲೆ ನನಗಿದ್ದ ಹಕ್ಕೂ ಅಷ್ಟೇ.

ಆದರೆ ಮಹಜೂಬಳ ಹತ್ತಿರ ಒಂದು ಸಂಗತಿ ಇತ್ತು. ಹಮ್ಮೂದ ಹುಟ್ಟಿದಾಗ ಅಮ್ಮಾವ್ರಿಗೆ ಜ್ವರ ಬಂದು ಹಾಲು ಬತ್ತಿತ್ತು. ಸಾಲ್ಕ ಆಗ ತಿಂಗಳ ಕೂಸು. ಎರಡು ವರ್ಷ ಮಹಜೂಬ ಇಬ್ಬರಿಗೂ ಹಾಲೂಡಿದಳು. ಮೊದಲು ಅವನು, ಮಿಕ್ಕರೆ ಇವಳು. ಒಂದೇ ಎದೆ ಕುಡಿದವರು ಷರೀಯತ್ತಿನ ಪ್ರಕಾರ ಅಕ್ಕತಮ್ಮ. ಅವರ ನಡುವೆ ಮದುವೆಯೂ ಇಲ್ಲ, ಹಾಸಿಗೆಯೂ ಇಲ್ಲ. ಗುಲಾಮಳ ಮೇಲೆ ಧಣಿಗೆ ಎಂಥ ಹಕ್ಕಿದ್ದರೂ ಅಲ್ಲಿಗೆ ನಿಂತಿತು.

ಅವಳು ಖಾಜಿಗಳ ಗುಡಾರದ ಮುಂದೆ ಹೋಗಿ ಕೂತಳು. ಹೊತ್ತೇರುವವರೆಗೂ ಖಾಜಿಗಳು ಅವಳ ಕಡೆ ನೋಡಲಿಲ್ಲ. ನೋಡಿದಾಗ, ಗುಲಾಮಳ ನಾಲಿಗೆ ಸಾಕ್ಷಿಯಲ್ಲ ಎಂದರು. ಕೊಟ್ಟ ಎದೆ ನಿನ್ನದೇ ಆದರೂ, ಕುಡಿದದ್ದನ್ನು ಕಂಡ ಸ್ವತಂತ್ರ ಹೆಂಗಸು ಬಂದು ಹೇಳಬೇಕು ಎಂದರು.

ಮಹಜೂಬ ಮೂರು ದಿನ ಅಮ್ಮಾವ್ರ ಕಾಲು ಒತ್ತಿದಳು. ಅವರ ಕಾಲು ನಮ್ಮ ಸೊಂಟದಷ್ಟು ದಪ್ಪ. ದಪ್ಪವಿದ್ದಷ್ಟೂ ಚೆಲುವು ಎಂದು ಚಿಕ್ಕಂದಿನಲ್ಲಿ ಬಲವಂತವಾಗಿ ಹಾಲು ಕುಡಿಸಿ ಕುಡಿಸಿ ಬೆಳೆಸಿದ ಮೈ. ನಾಲ್ಕನೆಯ ದಿನ ಅಮ್ಮಾವ್ರು ಕರಗಿದರೋ ಬೇಸತ್ತರೋ, ಖಾಜಿಗಳ ಮುಂದೆ ಬಂದು, ಇವಳು ಕುಡಿಸಿದ್ದು ಹೌದು, ಎರಡು ವರ್ಷ ಕಣ್ಣಾರೆ ಕಂಡಿದ್ದೇನೆ ಎಂದು ಆಣೆಯಿಟ್ಟು ಹೇಳಿದರು.

ಖಾಜಿಗಳು ಗಡ್ಡ ನೀವಿಕೊಂಡು, ಹಮ್ಮೂದನೂ ಸಾಲ್ಕಳೂ ಹಾಲಿನ ಒಡಹುಟ್ಟು, ಇದೇ ತೀರ್ಪು ಎಂದರು. ಮಹಜೂಬ ಮರಳಿಗೆ ಹಣೆ ಹಚ್ಚಿದಳು. ಹಣೆ ಎತ್ತುವ ಮೊದಲೇ ಸಿದಾತಿ ಧಣಿಗಳು ಒಂದು ಪ್ರಶ್ನೆ ಕೇಳಿದರು: ಪರಗಂಡಸಿನ ಜೊತೆ ಹೆಣ್ಣು ಒಬ್ಬಳೇ ದೂರದ ಪಯಣ ಹೋಗುವುದು ತಪ್ಪು, ತಮ್ಮನ ಜೊತೆ?

ತಪ್ಪಲ್ಲ ಎಂದರು ಖಾಜಿಗಳು.

"ಹಂಗಾದ್ರೆ ದಾರಿ ಸಲೀಸಾಯ್ತು ಬುಡಿ," ಎಂದರು ಧಣಿಗಳು. "ನಾಲ್ಕು ಜನ ಏನಂದಾರು ಅಂತ ಜತೇಲಿ ಒಂದು ಮುದುಕೀನ ಕಳಿಸೋಣ ಅಂತಿದ್ದೆ, ಅದೂ ತಪ್ಪಿತು. ಮಹಜೂಬಾ, ನಿನ್ನ ಹಾಲಿನ ಋಣ ದೊಡ್ಡದು ಕಣೇ."

ಎಲ್ಲರೂ ನಕ್ಕರು. ಹಮ್ಮೂದನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮಹಜೂಬ ಕೂತಲ್ಲಿಂದಲೇ ಕೇಳಿದಳು:

"ಪಟ್ಟಣದಾಗೆ ಅವನು ಮುಟ್ಟದಂಗೆ ಯಾರು ನೋಡ್ಕತಾರೆ ಖಾಜಿಗಳೇ?"

"ಗೋಡೆ ಒಳಗಿಂದು ಅವನಿಗೂ ದೇವರಿಗೂ ಬುಟ್ಟಿದ್ದು. ಏಳು, ನಮಾಜಿನ ಹೊತ್ತಾಯ್ತು."

ಆ ದಿನ ಅವಳು ಸಜ್ಜೆ ಕುಟ್ಟಲಿಲ್ಲ, ಅಳಲೂ ಇಲ್ಲ. ಎರಡು ಕೈಯಲ್ಲಿ ತನ್ನ ಎದೆಯನ್ನು ಹಿಡಿದುಕೊಂಡು, ಏನೋ ತಪ್ಪು ಮಾಡಿದ ಮಕ್ಕಳನ್ನು ನೋಡುವ ಹಾಗೆ ನೋಡುತ್ತಿದ್ದಳು.

ನಾನು ಓದಿದವನಲ್ಲ. ಆದರೆ ಹಮ್ಮೂದ ಖಾಜಿಗಳ ಹತ್ತಿರ ಮರದ ಹಲಗೆ ಹಿಡಿದು ಧರ್ಮಪಾಠ ಕಲಿತ ಆರು ವರ್ಷವೂ ಅವನ ಹಲಗೆಯ ಶಾಯಿ ತೊಳೆದವನು ನಾನು. ತೊಳೆಯುವ ಕೈಗೆ ಕೆಲಸ, ಕಿವಿಗೆ ಬಿಡುವು. ಅವನು ತಪ್ಪಿ ತಪ್ಪಿ ನೂರು ಸಲ ಒಪ್ಪಿಸಿದ ಒಂದು ಪಾಠ ನನಗೆ ಒಂದೇ ಸಲಕ್ಕೆ ಕೂತಿತ್ತು.

ಮರುದಿನ ಬೆಳಿಗ್ಗೆ ಜೀಪಿನ ಹಿಂದೆ ಖರ್ಜೂರದ ಮೂಟೆಗಳನ್ನು ಹೇರಿಸಿದರು. ಹೇರಿದವನು ನಾನೇ. ಮೂಟೆಗಳ ನಡುವೆ ಸಾಲ್ಕಳನ್ನು ಕೂರಿಸಿದರು. ಅವಳು ಮುಸುಕನ್ನು ಹಲ್ಲಲ್ಲಿ ಕಚ್ಚಿಕೊಂಡು ಅವ್ವನನ್ನೇ ನೋಡುತ್ತಿದ್ದಳು. ಧಣಿಗಳು, ಅಮ್ಮಾವ್ರು, ನೆಂಟರು, ಖಾಜಿಗಳು ಬೀಳ್ಕೊಡಲು ನಿಂತಿದ್ದರು. ನಾನು ಕೊನೆಯ ಮೂಟೆ ಹೇರಿ ಖಾಜಿಗಳ ಮುಂದೆ ಹೋದೆ.

"ಖಾಜಿಗಳೇ, ದಡ್ಡ ನಾನು, ಒಂದು ಮಾತು ಕೇಳ್ತೀನಿ. ಹಾಲು ಕುಡಿದವನಿಗೆ ಹಾಲು ಕೊಟ್ಟೋಳು ಏನಾಗಬೇಕು?"

"ತಾಯಿ. ನಿನ್ನೇನೇ ಹೇಳಿದ್ನಲ್ಲ."

"ಆ ತಾಯಿಯ ಗಂಡ?"

ಖಾಜಿಗಳು ಜೀಪಿನ ಕಡೆ ಮುಖ ತಿರುಗಿಸಿದರು. ಅಲ್ಲಿದ್ದವರೆಲ್ಲ ಹಲಗೆ ಹಿಡಿದು ಕಲಿತವರೇ. ಒಬ್ಬರೂ ನಗಲಿಲ್ಲ.

"ನೀವು ಕಲಿಸಿದ್ದೇ. ಹಲಗೆ ತೊಳೆವಾಗ ಕೇಳಿದ್ದೆ. ಇಲ್ಲ ಅನ್ನೋದಾದ್ರೆ ನಿನ್ನೆ ತೀರ್ಪು ತಪ್ಪು ಅಂತ ಇವರ ಮುಂದೆ ಹೇಳಿ, ನಾನು ಹೋಗಿ ನೀರು ಸೇದ್ತೀನಿ."

"ಲೇ, ಅವನ ಬಾಯಿ ಮುಚ್ಸಿ," ಎಂದರು ಧಣಿಗಳು. ಯಾರೂ ಕದಲಲಿಲ್ಲ. ಎಲ್ಲರ ಕಣ್ಣು ಖಾಜಿಗಳ ಮೇಲಿತ್ತು.

ಖಾಜಿಗಳು ನೆಲ ನೋಡುತ್ತ, ಕೇಳಿಸಿಯೂ ಕೇಳಿಸದ ಹಾಗೆ, "ಅಪ್ಪ," ಎಂದರು.

ಹೆತ್ತ ಮಗಳಿಗೆ ಅಪ್ಪನಾಗದ ನಾನು ಧಣಿಯ ಮಗನಿಗೆ ಅಪ್ಪನಾದೆ. ಜೀಪಿನ ಬಾಗಿಲು ತೆರೆದೆ. ಹಮ್ಮೂದ ಸ್ಟೀರಿಂಗ್ ಹಿಡಿದು ಕೂತಿದ್ದ.

"ಇಳಿ ಮಗನೇ."

"ಛೀ, ಗುಲಾಮ ನನ್ಮಗನೇ, ಕೈ ತೆಗಿ."

"ಅಪ್ಪ ಅವ್ವನಿಗೆ ಛೀ ಅನ್ನಬಾರದು ಅಂತ ಹಲಗೆ ಮ್ಯಾಗೆ ನೀನೇ ಕಲ್ತಿದ್ದೆ. ಮರ್ತ್ಯಾ?"

ಕಾಲರು ಹಿಡಿದು ಎಳೆದು ಕೆನ್ನೆಗೆ ಹೊಡೆದೆ. ತಪ್ಪು ಮಾಡಿದ ಮಗನಿಗೆ ಹೊಡೆಯುವಷ್ಟೇ ಹೊಡೆದೆ, ಹೆಚ್ಚಲ್ಲ. ಮೂರು ಏಟು. ಮೂರನೆಯದಕ್ಕೆ ಅವನ ತುಟಿ ಒಡೆಯಿತು. ಆಮೇಲೆ ಧಣಿಗಳ ತಮ್ಮ ಗುಡಾರದ ಗೂಟ ಕಿತ್ತು ತಂದ. ನನ್ನ ಬಲಗೈ ಇವತ್ತಿಗೂ ಮೊಣಕೈಯಿಂದ ಕೆಳಗೆ ಸೊಟ್ಟ.

ನಾನು ಬಿದ್ದಲ್ಲಿಂದ ಕಂಡದ್ದು ಇಷ್ಟು. ಸಾಲ್ಕ ಮೂಟೆಗಳ ಮೇಲಿಂದ ತಾನೇ ಇಳಿದಳು. ಮಹಜೂಬ ಬಂದು ನನ್ನ ಎಡಗೈ ಹಿಡಿದು ಎಬ್ಬಿಸಿ, ನಡಿ ಹೋಗೋಣ ಎಂದಳು. ಇವರಿಗೆ ಬಾವಿಯ ಒಂದು ಹನಿ ನೀರು ಕೊಟ್ಟವರೂ ಇವರ ಹಿಂದೆಯೇ ಹೋಗಬೇಕು ಎಂದು ಧಣಿಗಳು ಕೂಗಿದರು. ಹತ್ತಿರದ ಊರಾದ ಅತಾರಿಗೆ ಎರಡು ದಿನದ ಕಲ್ಲುದಾರಿ. ನಮ್ಮ ಹತ್ತಿರ ನೀರಿನ ಚೀಲ ಇರಲಿಲ್ಲ. ಮೂವರೂ ಬಾವಿಯ ಪಕ್ಕದಿಂದಲೇ ಹಾದು ಹೋದೆವು. ಕತ್ತೆ ಕುಂಟುತ್ತ ನಾಲ್ಕು ಹೆಜ್ಜೆ ನಮ್ಮ ಜೊತೆ ಬಂದು ನಿಂತಿತು.

ಗುಡ್ಡದ ತಿರುವು ತಲುಪುವಾಗ ಹಿಂದೆ ಜೀಪು ಸ್ಟಾರ್ಟ್ ಆದ ಸದ್ದು ಕೇಳಿಸಿತು.

"ತಿರುಗಬ್ಯಾಡ," ಎಂದಳು ಮಹಜೂಬ ಮಗಳಿಗೆ. ಬಗ್ಗಿ, ಕೈ ತುಂಬುವಂಥ ಒಂದು ಕಲ್ಲು ಆರಿಸಿಕೊಂಡಳು. ಸಾಲ್ಕಳೂ ಬಗ್ಗಿದಳು. ನಾನು ಎಡಗೈಗೆ ಒಂದು ಹುಡುಕಿಕೊಂಡೆ.