ಕಿಟಕಿಯ ಕೆಳಗೆ ಗಾಡಿಯವನು ಹೇಳಿದ ಮಾತು

ಗಡಿಯಾರ ರಿಪೇರಿಯವನನ್ನು ಬೀದಿಯವರೆಲ್ಲ ಟಿಕ್‌ಟಿಕ್ ಎಂದೇ ಕರೆಯುತ್ತಿದ್ದರು. ಅಂಗಡಿ ತುಂಬ ಗಡಿಯಾರಗಳಿದ್ದುದಕ್ಕಲ್ಲ; ಅವನ ಬಾಯಿ ನಿಲ್ಲುತ್ತಿರಲಿಲ್ಲ, ಅದಕ್ಕೆ. ಯಾರು ಮಾತು ಶುರು ಮಾಡಿದರೂ ಮುಗಿಸುವವನು ಅವನೇ. ಕಳೆದ ವಾರ ಹೆಂಡತಿ ನೆಂಟರಿಗೆ ತಾನು ಬಸ್ಸು ತಪ್ಪಿಸಿಕೊಂಡ ಕಥೆ ಹೇಳುತ್ತಿದ್ದಳು. ಇವನು ಅಡ್ಡಬಾಯಿ ಹಾಕಿ, ಕಥೆಯನ್ನು ತಾನೇ ಮುಗಿಸಿ ಎಲ್ಲರನ್ನೂ ನಗಿಸಿಬಿಟ್ಟ. ಅವಳು ನಗಲಿಲ್ಲ. ಮರುದಿನ ಬಟ್ಟೆಯ ಚೀಲ ಹಿಡಿದು ಹಿಂದಿನ ಬೀದಿಯ ಅಕ್ಕನ ಮನೆ ಸೇರಿದಳು.

ಮಾತು ಮನೆ ಕೆಡಿಸಿತು ಎಂಬುದೇನೋ ಅವನಿಗೆ ಗೊತ್ತಾಯಿತು. ಯಾವ ಮಾತು ಎಂಬುದು ತಿಳಿಯಲಿಲ್ಲ. “ನಗಿಸಿದ್ದು ತಪ್ಪಾ, ಹೇಳಿ?” ಎಂದು ಗಿರಾಕಿಗಳನ್ನು ಕೇಳುತ್ತಿದ್ದ, ಉತ್ತರಕ್ಕೆ ಕಾಯುತ್ತಿರಲಿಲ್ಲ. ಅವಳಿಲ್ಲದ ಮನೆ ತಿನ್ನಲು ಬರುತ್ತಿತ್ತು. ಕರೆಯಲು ಹೋಗಬೇಕು, ಸರಿ. ಹೋಗಿ ಏನು ಹೇಳುವುದು? ಜನ್ಮದಲ್ಲಿ ಮೊದಲ ಸಲ ಅವನಿಗೆ ಮಾತಿನ ಬರ ಬಂದಿತ್ತು.

ಆಗಲೇ ಫಿಲ್ಮ್ ಕ್ಲಬ್ಬಿನ ಬಾಗಿಲಲ್ಲಿ ಆ ಹಳೆಯ ಫ್ರೆಂಚ್ ಸಿನಿಮಾದ ಪೋಸ್ಟರ್ ಕಂಡಿತು. ಮದುವೆಯಾದ ಹೊಸದರಲ್ಲಿ ಇಬ್ಬರೂ ನೋಡಿದ್ದರು. ಒಂದು ಹಳ್ಳಿ, ಜಂಬದ ಗಾಡಿಯವನು, ಮುನಿಸಿಕೊಂಡು ಎದುರುಮನೆಯ ಮಹಡಿ ಹತ್ತಿ ಕೂತ ಅವನ ಹೆಂಡತಿ, ನಡುವೆ ಮೂಗು ತೂರಿಸುವ ಇಡೀ ಊರು. ಕೊನೆಗೆ ಗಾಡಿಯವನು ಕಿಟಕಿಯ ಕೆಳಗೆ ನಿಂತು ಏನೋ ಹೇಳುತ್ತಾನೆ. ಮೇಲಿನಿಂದ ಒಂದು ಎಲೆಕೋಸು ಬೀಳುತ್ತದೆ, ಅದರ ಹಿಂದೆಯೇ ಹೆಂಡತಿ ಇಳಿದು ಬರುತ್ತಾಳೆ. ಅಂಥದ್ದೇನು ಹೇಳಿದ? ಫ್ರೆಂಚಿನ ಗಂಧಗಾಳಿ ಇಲ್ಲದಿದ್ದರೂ ಟಿಕ್‌ಟಿಕ್ ಆ ದಿನ ಇಡೀ ಸಿನಿಮಾವನ್ನು ಹೆಂಡತಿಗೆ ವಿವರಿಸಿದ್ದ. ಈ ಸಲ ಪರದೆಯ ಕೆಳಭಾಗದಲ್ಲಿ ಕನ್ನಡದ ಅರ್ಥವೂ ಬರುತ್ತದೆಂದು ಪೋಸ್ಟರಿನಲ್ಲಿತ್ತು. ಎಲೆಕೋಸು ಬಿದ್ದರೂ ಬೀಳಲಿ, ಆ ಮಾತನ್ನು ಕಲಿತೇ ಬರಬೇಕು ಎಂದುಕೊಂಡ.

ಭಾನುವಾರ ಮಧ್ಯಾಹ್ನ ಹೋದರೆ, ಎರಡು ಸಾಲು ಮುಂದೆ ಅಕ್ಕನ ಜೊತೆ ಅವಳೇ ಕೂತಿದ್ದಾಳೆ! ಅವಳಿಗೂ ಅದೇ ಕುತೂಹಲವೇ? ಟಿಕ್‌ಟಿಕ್ ಕುರ್ಚಿಯಲ್ಲಿ ಕುಗ್ಗಿ ಕುಳಿತ.

ವಿವರಿಸಲು ಪಕ್ಕದಲ್ಲಿ ಯಾರೂ ಇಲ್ಲದೆ ಅವನು ಸಿನಿಮಾವನ್ನು ನಿಜವಾಗಿ ನೋಡಿದ. ಬಾತುಕೋಳಿಗಳ ಸಾಲೊಂದು ದಾಟಿ ಮುಗಿಯುವವರೆಗೂ ಊರಿನ ಮುಖ್ಯಸ್ಥ ತನ್ನ ಭಾಷಣ ನಿಲ್ಲಿಸಿ ಕಾಯುತ್ತಾನೆ. ಬಟಾಣಿ ಬಿಡಿಸುವ ಮುದುಕಿಯರು ತಲೆ ಎತ್ತುವುದಿಲ್ಲ, ಆದರೆ ಕಿಟಕಿಯ ಕಡೆ ಸದ್ದಾದರೆ ಅವರ ಬೆರಳು ನಿಲ್ಲುತ್ತದೆ. ಇಷ್ಟು ಚಂದದ್ದನ್ನೆಲ್ಲ ಅಂದು ಎಲ್ಲಿ ಬಚ್ಚಿಟ್ಟಿದ್ದರು? ಗಾಡಿಯವನ ಮಾವ ಎಂದು ತಾನು ಹೆಂಡತಿಗೆ ಖಡಾಖಂಡಿತವಾಗಿ ಹೇಳಿದ್ದವನು ಊರಿನ ಡಾಕ್ಟರಾಗಿದ್ದ. ಅವನಿಗೆ ನಾಚಿಕೆಯಾಯಿತು.

ಕೊನೆಗೂ ಗಾಡಿಯವನು ಟೋಪಿ ತೆಗೆದು ಕಿಟಕಿಯ ಕೆಳಗೆ ನಿಂತ. ಟಿಕ್‌ಟಿಕ್ ಮುಂದಕ್ಕೆ ಬಾಗಿದ. ಪರದೆಯ ಕೆಳಗೆ ಅಕ್ಷರ ಮೂಡಿತು: “ನೀನು ಹೇಳು. ನಾನು ಕೇಳ್ತೀನಿ.”

ಇಷ್ಟೇನಾ! ಎಲೆಕೋಸು ಬಿತ್ತು, ಸಭಾಂಗಣವೆಲ್ಲ ನಕ್ಕಿತು. ಟಿಕ್‌ಟಿಕ್‌ಗೆ ಮಾತ್ರ ಹೆಂಡತಿಯ ಬಸ್ಸಿನ ಕಥೆ ನೆನಪಾಯಿತು.

ಹೊರಗೆ ಮೆಟ್ಟಿಲ ಮೇಲೆ ಇಬ್ಬರೂ ಎದುರುಬದುರಾದರು. ಅಕ್ಕ ಜಾಣೆ, “ನಾನು ಮುಂದೆ ಹೋಗ್ತಿರ್ತೀನಿ” ಎಂದು ಇಳಿದು ಹೋದಳು.

ಗಾಡಿಯವನ ಮಾತು ಟಿಕ್‌ಟಿಕ್‌ನ ನಾಲಿಗೆ ತುದಿಗೆ ಬಂದಿತ್ತು. ಆದರೆ ಅದನ್ನು ಹೇಳಿಬಿಟ್ಟರೆ ಮತ್ತೆ ಇನ್ನೊಬ್ಬರ ಮಾತು ಕಸಿದ ಹಾಗೇ ಆಯಿತಲ್ಲ!

“ಅವತ್ತು ಬಸ್ಸು ತಪ್ಪಿತಲ್ಲ, ಏನಾಯ್ತು?” ಎಂದ.

“ಎಲ್ಲ ನೀವೇ ಹೇಳಿದ್ರಲ್ಲ.”

“ನಾನೆಲ್ಲಿದ್ದೆ ಅಲ್ಲಿ? ಇದ್ದವಳು ನೀನು.”

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಮೆಟ್ಟಿಲ ಮೇಲೆ ಕುಳಿತಳು. ಅವನೂ ಕುಳಿತ.

“ಬುಧವಾರ ಸಂಜೆ...” ಎಂದು ಶುರುಮಾಡಿ, ನಿಲ್ಲಿಸಿದಳು.

ಗುರುವಾರ! ಅವನಿಗೆ ಚೆನ್ನಾಗಿ ನೆನಪಿತ್ತು. ಮಾತು ನುಂಗಿಕೊಂಡ. ಅವಳು ಕಾದಳು. ಅವನು ಬಾಯಿ ಬಿಡಲಿಲ್ಲ.

“ಅಲ್ಲ, ಗುರುವಾರ,” ಎಂದು ಅವಳೇ ತಿದ್ದಿಕೊಂಡು, ಕೊಂಚ ಅವನತ್ತ ಸರಿದು, ಮುಂದುವರಿಸಿದಳು.

ಬಸ್ಸು ತಪ್ಪಿತು. ಅವನು ನೆಂಟರನ್ನು ನಗಿಸಿದ ಜಾಗ ಬಂತು, ಹೋಯಿತು. ಕಥೆ ಅಲ್ಲಿ ಮುಗಿಯಲೇ ಇಲ್ಲ, ಶುರುವಾದದ್ದೇ ಅಲ್ಲಿ.

“ಆಮೇಲೆ?” ಎಂದ ಟಿಕ್‌ಟಿಕ್.